ಟೆಕ್ಸಾಸ್ ಲೈಸೆನ್ಸ್ ಇದೆ, ಕಾರಲ್ಲಿ ನ್ಯೂಜೆರ್ಸಿಗೆ ಹೊರಟಿದ್ದೇವೆ: ಪಿಸ್ತೂಲು ಒಯ್ಯಬಹುದೇ?

ಮಡಿಕೇರಿ ಮಳೆ (ಪ್ಲೇನೋ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ರಜೆ ಶುರುವಾದ ಕೂಡಲೇ ಪ್ಲೇನೋದಿಂದ ನ್ಯೂಜೆರ್ಸಿಯ ಎಡಿಸನ್‌ಗೆ, ನನ್ನ ಅಕ್ಕನ ಮನೆಗೆ, ಕಾರಲ್ಲೇ ಹೊರಡುವವರಿದ್ದೇವೆ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ವಿಸಿಟರ್ ವೀಸಾ. ದಾರಿಯುದ್ದಕ್ಕೂ ಊರು, ಹೊಲ, ಬೆಟ್ಟ ನೋಡಬೇಕು ಅನ್ನುವುದು ಅಪ್ಪನ ಆಸೆ. ಯಜಮಾನರಿಗೆ ರಜೆ ಸಿಗಲಿಲ್ಲ. ಹೊಂಡಾ ಓಡಿಸ್ಸಿಯಲ್ಲಿ ನಾನು, ತಮ್ಮ, ಅಪ್ಪ ಅಮ್ಮ, ಇಬ್ಬರು ಮಕ್ಕಳು. ನಾನೂ ತಮ್ಮನೂ ಸರದಿ ಮೇಲೆ ಓಡಿಸುತ್ತೇವೆ. ನನಗೆ ಗ್ರೀನ್ ಕಾರ್ಡ್ ಇದೆ, ಅವನು ಎಚ್-1ಬಿ.

ನನ್ನ ಹತ್ತಿರ ಗ್ಲಾಕ್ 43ಎಕ್ಸ್ ಪಿಸ್ತೂಲು ಇದೆ, ಹತ್ತು ಗುಂಡಿನ ಮ್ಯಾಗಜೀನ್. ಟೆಕ್ಸಾಸ್‌ನ ಎಲ್‌ಟಿಸಿ, ಅಂದರೆ ಪಿಸ್ತೂಲು ಜೊತೆಗೆ ಒಯ್ಯುವ ಲೈಸೆನ್ಸ್, ಮಾಡಿಸಿದ್ದೇನೆ. ಕೊಡಗಿನ ಮನೆಯಲ್ಲಿ ಬೆಳೆದವಳು ನಾನು; ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವ ಮನೆ. ಶೋಕಿಗೆ ಕೊಂಡದ್ದಲ್ಲ. ಹಿಂದೊಮ್ಮೆ ಅರ್ಕನ್ಸಾದ ರೆಸ್ಟ್ ಏರಿಯಾದಲ್ಲಿ ನಡುರಾತ್ರಿ ಒಬ್ಬ ಕಾರಿನ ಹಿಡಿ ಎಳೆದು ಎಳೆದು ನೋಡಿ ಹೋದ. ಒಳಗೆ ನಾನು, ನಿದ್ದೆಯಲ್ಲಿದ್ದ ಎರಡು ಮಕ್ಕಳು. ಆಮೇಲೆಯೇ ತರಗತಿಗೆ ಸೇರಿದ್ದು.

ದಾರಿ ಹೀಗಿದೆ: ಐ-30ರಲ್ಲಿ ಲಿಟಲ್ ರಾಕ್, ಐ-40ರಲ್ಲಿ ಮೆಂಫಿಸ್, ನ್ಯಾಶ್‌ವಿಲ್, ನಾಕ್ಸ್‌ವಿಲ್. ಗ್ಯಾಟ್ಲಿನ್‌ಬರ್ಗ್‌ನಲ್ಲಿ ಉಳಿದು ಗ್ರೇಟ್ ಸ್ಮೋಕಿ ಪಾರ್ಕ್. ಆಮೇಲೆ ಐ-81 ಹಿಡಿದು ವರ್ಜೀನಿಯಾ ಉದ್ದಕ್ಕೂ ಮೇಲೆ, ಪೆನ್ಸಿಲ್ವೇನಿಯಾ, ಐ-78ರಲ್ಲಿ ಎಡಿಸನ್. ಅಲ್ಲಿದ್ದಾಗ ಒಂದು ದಿನ ನ್ಯೂಯಾರ್ಕ್ ಸಿಟಿ.

ಗುಂಡು ಹೊಡೆಯುವ ಅಭ್ಯಾಸದ ರೇಂಜ್‌ನಲ್ಲಿ ಪರಿಚಯದವರೊಬ್ಬರು "ಫೆಡರಲ್ ಕಾನೂನಿನಲ್ಲಿ ಸೇಫ್ ಪ್ಯಾಸೇಜ್ ಅಂತ ಇದೆ, ಬೀಗ ಹಾಕಿ ಹಿಂದೆ ಇಟ್ಟರೆ ಯಾವ ರಾಜ್ಯಕ್ಕೆ ಬೇಕಾದರೂ ಒಯ್ಯಬಹುದು" ಎಂದರು. ಇದು ನಿಜವೇ? ಟೆಕ್ಸಾಸ್ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಗುರಿಗಾರ (ಫೋರ್ಟ್ ವರ್ತ್)

ಮೇಡಂ, ಎಡಿಸನ್‌ಗೆ ಹೋಗುವುದಾದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಇದು ಮೊದಲ ಮಾತು. ಯಾಕೆಂದು ಪೂರ್ತಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ನಾನು ಎಲ್‌ಟಿಸಿ ತರಗತಿ ನಡೆಸುವವನು, ವಕೀಲನಲ್ಲ. ಆದರೆ ನಮ್ಮವರು ಬಂದು ಕೇಳುವ ಪ್ರಶ್ನೆಗಳಲ್ಲಿ ಇದೇ ನನ್ನ ನಿದ್ದೆ ಕೆಡಿಸುವಂಥದು.

ನ್ಯೂಜೆರ್ಸಿ ಆಮೇಲೆ ನೋಡೋಣ, ಮೊದಲು ನಿಮ್ಮ ತಮ್ಮನ ವಿಷಯ. ನೀವದನ್ನು ಬರೀ ಮಾಹಿತಿಗೆ ಬರೆದಿದ್ದೀರಿ; ನನಗೆ ಕಂಡ ದೊಡ್ಡ ಅಪಾಯ ಅಲ್ಲಿಯೇ ಇದೆ. ಎಚ್-1ಬಿ, ಎಚ್-4, ಎಫ್-1, ವಿಸಿಟರ್ ವೀಸಾ, ಹೀಗೆ ನಾನ್‌ಇಮಿಗ್ರಂಟ್ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಫೆಡರಲ್ ಕಾನೂನು. ಟೆಕ್ಸಾಸ್ ಎಷ್ಟು ಸಡಿಲವಾಗಿದ್ದರೂ ಲೆಕ್ಕಕ್ಕಿಲ್ಲ. ಶಿಕ್ಷೆ 2022ರ ತಿದ್ದುಪಡಿಯ ನಂತರ ಗರಿಷ್ಠ 15 ವರ್ಷ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಆದರೆ ಇಮಿಗ್ರೇಶನ್ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ.

ವಶ ಅಂದರೆ ಕೈಯಲ್ಲೇ ಹಿಡಿದಿರಬೇಕೆಂದಿಲ್ಲ. ವಸ್ತು ಎಲ್ಲಿದೆ ಎಂದು ಗೊತ್ತಿದ್ದು, ಬೇಕಾದಾಗ ಕೈಗೆ ತೆಗೆದುಕೊಳ್ಳುವ ಹಾಗಿದ್ದರೆ ಅದೂ ವಶವೇ ಎಂದು ಕೋರ್ಟುಗಳು ಹೇಳುತ್ತವೆ. ನಿಮ್ಮ ಪ್ರಯಾಣಕ್ಕೆ ಇದನ್ನು ಹೊಂದಿಸಿ ನೋಡಿ. ರಾತ್ರಿ ಹತ್ತು ಗಂಟೆಗೆ ನಾಕ್ಸ್‌ವಿಲ್ ಹತ್ತಿರ ಮೋಟೆಲ್‌ಗೆ ಬರುತ್ತೀರಿ. ನೀವು ಮಕ್ಕಳನ್ನು ಎತ್ತಿಕೊಂಡು ರೂಮಿಗೆ ಹೋಗುತ್ತೀರಿ, ತಮ್ಮ "ಗ್ಯಾಸ್ ಹಾಕಿಸಿ ಬರ್ತೀನಿ" ಎಂದು ಪೆಟ್ರೋಲಿಗೆ ವ್ಯಾನ್ ತೆಗೆದುಕೊಂಡು ಹೋಗುತ್ತಾನೆ. ಮುಂದಿನ ಸೀಟುಗಳ ನಡುವಿನ ಕನ್ಸೋಲ್ ಪೆಟ್ಟಿಗೆಯಲ್ಲಿ ನಿಮ್ಮ ಗ್ಲಾಕ್ ಇದೆ, ಅವನಿಗದು ಗೊತ್ತು. ಹಿಂದಿನ ದೀಪ ಕೆಟ್ಟಿದೆ ಎಂದು ಪೊಲೀಸರು ನಿಲ್ಲಿಸಿದರೆ, ಕಾರಲ್ಲಿ ಒಬ್ಬನೇ ಇರುವ ಎಚ್-1ಬಿ ಹುಡುಗ. ನಿಮ್ಮ ಎಲ್‌ಟಿಸಿ ಅವನ ನೆರವಿಗೆ ಬರುವುದಿಲ್ಲ. ನೀವು ಪಕ್ಕದ ಸೀಟಿನಲ್ಲಿ ಮಲಗಿದ್ದು ಅವನು ಓಡಿಸುತ್ತಿದ್ದರೂ ಪ್ರಶ್ನೆ ಏಳುತ್ತದೆ. ನಿಮ್ಮ ತಂದೆಯವರಿಗೂ ಇದೇ ಮಾತು. ಊರಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೋವಿ ಹಿಡಿದು ಬೆಳೆದ ಹಿರಿಯರಿಗೆ "ಇಲ್ಲಿ ಮುಟ್ಟಬೇಡಿ" ಎಂದರೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ರೇಂಜ್‌ಗೆ ಕರೆದುಕೊಂಡು ಹೋಗಿ ಒಂದು ಸುತ್ತು ಹೊಡೆಸುವುದೂ ಬೇಡ.

ಇನ್ನು ದಾರಿ. ಅರ್ಕನ್ಸಾ, ಟೆನೆಸ್ಸೀ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಪೆನ್ಸಿಲ್ವೇನಿಯಾಗಳಲ್ಲಿ ನಿಮ್ಮ ಎಲ್‌ಟಿಸಿ ನಡೆಯುತ್ತದೆ. ಸ್ಮೋಕಿಯಲ್ಲೂ ತೊಂದರೆಯಿಲ್ಲ, 2010ರ ಫೆಬ್ರವರಿಯಿಂದ ನ್ಯಾಶನಲ್ ಪಾರ್ಕ್‌ಗಳಲ್ಲಿ ಆಯಾ ರಾಜ್ಯದ ಕಾನೂನೇ ಅನ್ವಯ. ಆದರೆ ಶುಗರ್‌ಲ್ಯಾಂಡ್ಸ್ ವಿಸಿಟರ್ ಸೆಂಟರ್ ಫೆಡರಲ್ ಕಟ್ಟಡ, ಒಳಗೆ ಒಯ್ಯುವಂತಿಲ್ಲ; ಬಾಗಿಲಲ್ಲೇ ಬೋರ್ಡ್ ಇರುತ್ತದೆ. ಹೆಚ್ಚಿನವರಿಗೆ ಗೊತ್ತಿರದ ಇನ್ನೊಂದು ವಿಷಯ: ಶಾಲೆಗಳ ಸುತ್ತ 1,000 ಅಡಿಯೊಳಗಿನ ಫೆಡರಲ್ ನಿಷೇಧದಿಂದ ಲೈಸೆನ್ಸ್‌ದಾರರಿಗೆ ಸಿಗುವ ರಿಯಾಯಿತಿ, ಆ ಶಾಲೆ ಇರುವ ರಾಜ್ಯವೇ ಲೈಸೆನ್ಸ್ ಕೊಟ್ಟಿದ್ದರೆ ಮಾತ್ರ. ಟೆನೆಸ್ಸೀ ನಿಮ್ಮ ಕಾರ್ಡನ್ನು ಒಪ್ಪುತ್ತದೆ ನಿಜ, ಕೊಟ್ಟದ್ದು ಟೆಕ್ಸಾಸ್. ಊಟಕ್ಕೆಂದು ಹೈವೇ ಬಿಟ್ಟು ಊರೊಳಗೆ ಇಳಿದರೆ ಎಲ್ಲೋ ಒಂದು ಶಾಲೆ ಇದ್ದೇ ಇರುತ್ತದೆ.

ವೆಸ್ಟ್ ವರ್ಜೀನಿಯಾ ದಾಟಿ ಪೊಟೊಮ್ಯಾಕ್ ನದಿಯ ಸೇತುವೆ ಇಳಿದರೆ ಮೇರಿಲ್ಯಾಂಡ್. ಐ-81 ಅಲ್ಲಿ ಸುಮಾರು 12 ಮೈಲಿ ಹಾದುಹೋಗುತ್ತದೆ, ಕಾಲು ಗಂಟೆಯ ದಾರಿ. ಹೊರ ರಾಜ್ಯದ ಯಾವ ಲೈಸೆನ್ಸನ್ನೂ ಮೇರಿಲ್ಯಾಂಡ್ ಒಪ್ಪುವುದಿಲ್ಲ. ನಿಮ್ಮ ರೇಂಜ್ ಗೆಳೆಯರು ಹೇಳಿದ ಸೇಫ್ ಪ್ಯಾಸೇಜ್ ಇರುವುದೇ ಇಂಥ ಕಡೆಗೆ. 1986ರ ಕಾನೂನು ಅದು. ಗುಂಡು ತೆಗೆದಿರಬೇಕು, ಬಂದೂಕು, ಗುಂಡು ಎರಡೂ ಕೂತಲ್ಲಿಂದ ಕೈಗೆ ಸಿಗಬಾರದು. ಓಡಿಸ್ಸಿಯಂಥ ವ್ಯಾನ್‌ಗೆ ಬೇರೆ ಡಿಕ್ಕಿ ಇಲ್ಲವಾದ್ದರಿಂದ ಬೀಗ ಹಾಕಿದ ಪೆಟ್ಟಿಗೆಯೇ ಬೇಕು, ಗ್ಲೋವ್ ಬಾಕ್ಸ್ ಮತ್ತು ಕನ್ಸೋಲ್ ನಡೆಯುವುದಿಲ್ಲ. ನಿಮ್ಮ ಗೆಳೆಯರು ಬಿಟ್ಟ ಅರ್ಧ ಮಾತು ಏನೆಂದರೆ, ಹೊರಟ ಜಾಗದಲ್ಲೂ ಸೇರುವ ಜಾಗದಲ್ಲೂ ಅದನ್ನು ಇಟ್ಟುಕೊಳ್ಳುವ, ಒಯ್ಯುವ ಹಕ್ಕು ನಿಮಗಿರಬೇಕು. ನೀವು ಮೇನ್ ರಾಜ್ಯಕ್ಕೆ ಹೋಗುವವರಾಗಿ ನಡುವೆ ನ್ಯೂಜೆರ್ಸಿ ದಾಟಿದರೆ ಈ ಕಾನೂನು ನಿಮ್ಮ ಬೆನ್ನಿಗಿರುತ್ತದೆ. ಎಡಿಸನ್‌ನಲ್ಲಿ ಇಳಿಯುವವರಿಗೆ ಇಲ್ಲ.

ನ್ಯೂಜೆರ್ಸಿ ಯಾವ ರಾಜ್ಯದ ಲೈಸೆನ್ಸನ್ನೂ ಒಪ್ಪುವುದಿಲ್ಲ. ಅಲ್ಲಿನ ಪರ್ಮಿಟ್ ಇಲ್ಲದೆ ಹ್ಯಾಂಡ್‌ಗನ್ ಇಟ್ಟುಕೊಂಡರೆ ಎರಡನೇ ದರ್ಜೆಯ ಅಪರಾಧ: 5ರಿಂದ 10 ವರ್ಷ, ಅದರಲ್ಲಿ 42 ತಿಂಗಳು ಪೆರೋಲ್ ಇಲ್ಲ. ನಿಮ್ಮ ಹತ್ತು ಗುಂಡಿನ ಮ್ಯಾಗಜೀನ್ ಅಲ್ಲಿನ ಮಿತಿಯೊಳಗೇ ಇದೆ, ಆದರೆ ಆತ್ಮರಕ್ಷಣೆಗೆಂದು ಎಲ್ಲರೂ ತುಂಬುವ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡಿಗೆ ಬೇರೆಯೇ ಕೇಸು.

ಇಷ್ಟೆಲ್ಲ ಹೇಳಿ ಕೊನೆಗೆ ಬರುವುದು ನಿಮ್ಮ ಗ್ರೀನ್ ಕಾರ್ಡಿಗೆ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದ ಗ್ರೀನ್ ಕಾರ್ಡ್‌ದಾರರನ್ನು ಗಡೀಪಾರು ಮಾಡಬಹುದೆಂದು ಇಮಿಗ್ರೇಶನ್ ಕಾನೂನಿನಲ್ಲೇ ಬರೆದಿದೆ. ಗುಂಡು ಹಾರಿರಬೇಕೆಂದಿಲ್ಲ, ಯಾರಿಗೂ ನೋವಾಗಿರಬೇಕೆಂದಿಲ್ಲ, ಅಕ್ರಮವಾಗಿ ಇಟ್ಟುಕೊಂಡಿದ್ದರೆ ಸಾಕು. ಶಿಕ್ಷೆಯಾಗದೆ ಬರೀ ಅರೆಸ್ಟ್ ಆಗಿ ಬಿಟ್ಟರೂ ಸಿಟಿಜನ್‌ಶಿಪ್ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ಇಲ್ಲೇ ಹುಟ್ಟಿದ ನನ್ನ ವಿದ್ಯಾರ್ಥಿಗಳು ಇದೇ ತಪ್ಪು ಮಾಡಿದರೆ ವಕೀಲರಿಗೆ ಹಣ ಸುರಿದು ಹೇಗೋ ಹೊರಬರುತ್ತಾರೆ. ನಿಮ್ಮ ವಿಷಯದಲ್ಲಿ ಮಕ್ಕಳ ಶಾಲೆ, ಮನೆ, ಇಷ್ಟು ವರ್ಷ ಕಾದು ಪಡೆದದ್ದೆಲ್ಲ ಪಣಕ್ಕೆ ಬೀಳುತ್ತದೆ.

ಎಡಿಸನ್ ಅಜ್ಜಿ (ನ್ಯೂಜೆರ್ಸಿ)

ತಂಗಿ, ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ಮೂರು ದಶಕ ಇಲ್ಲಿ ಬಾಳಿದವಳು ನಾನು, ಒಂದೆರಡು ಮಾತು ಸೇರಿಸುತ್ತೇನೆ.

ಪೆನ್ಸಿಲ್ವೇನಿಯಾದ ಶನೀನ್ ಆಲೆನ್ ಎಂಬಾಕೆಯ ಕೇಸು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎರಡು ಮಕ್ಕಳ ತಾಯಿ, ತನ್ನ ರಾಜ್ಯದಲ್ಲಿ ಸಕ್ರಮವಾಗಿ ಪರ್ಮಿಟ್ ಪಡೆದವಳು. 2013ರಲ್ಲಿ ಅಟ್ಲಾಂಟಿಕ್ ಸಿಟಿ ಕಡೆಯ ಎಕ್ಸ್‌ಪ್ರೆಸ್‌ವೇನಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ತಾನಾಗಿಯೇ "ನನ್ನ ಹತ್ತಿರ ಗನ್ ಇದೆ, ಪರ್ಮಿಟ್ ಇದೆ" ಎಂದಳು. ಅವಳ ಊರಲ್ಲಿ ಅದು ಮರ್ಯಾದೆಯ ನಡತೆ, ಇಲ್ಲಿ ಅದೇ ತಪ್ಪೊಪ್ಪಿಗೆ ಆಯಿತು. ಜೈಲು ಕಂಡಳು, ವರ್ಷಗಟ್ಟಲೆ ಶಿಕ್ಷೆಯ ಭಯದಲ್ಲಿ ಬದುಕಿದಳು. ಗಲಾಟೆಯಾದ ಮೇಲೆ 2014ರಲ್ಲಿ ನ್ಯೂಜೆರ್ಸಿಯ ಅಟಾರ್ನಿ ಜನರಲ್, ಇಂಥ ಹೊರಗಿನವರನ್ನು ಸಾಮಾನ್ಯವಾಗಿ ಜೈಲಿಗೆ ಹಾಕಬೇಕಿಲ್ಲ ಎಂದು ಪ್ರಾಸಿಕ್ಯೂಟರ್‌ಗಳಿಗೆ ಮಾರ್ಗಸೂಚಿ ಕೊಟ್ಟರು. 2015ರಲ್ಲಿ ಗವರ್ನರ್ ಕ್ರಿಸ್ಟಿ ಆಕೆಗೆ ಕ್ಷಮಾದಾನವನ್ನೂ ಕೊಟ್ಟರು. ಆದರೆ ಅರೆಸ್ಟ್ ಮಾಡಬಾರದು ಎಂದು ಯಾರೂ ಹೇಳಿಲ್ಲ. ಆಕೆ ಈ ದೇಶದ ಪ್ರಜೆ, ಗಡೀಪಾರಿನ ಮಾತೇ ಇರಲಿಲ್ಲ. ನಿಂದು ಹಾಗಲ್ಲ.

ಅಕ್ಕನ ಮನೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರಾಯಿತು ಅಂದುಕೊಳ್ಳಬೇಡ. ಕಾನೂನು ವಿನಾಯಿತಿ ಕೊಡುವುದು ನಿನ್ನ ಸ್ವಂತ ವಾಸದ ಮನೆಗೆ. ಅಕ್ಕನ ಮನೆ ನಿನಗೆ ತವರಿನ ಹಾಗಿರಬಹುದು, ಕಾನೂನಿಗೆ ಅದು ಬೇರೆಯವರ ಮನೆ. ನ್ಯೂಯಾರ್ಕ್‌ನಲ್ಲಿ ಇನ್ನೂ ಬಿಗಿ: ಅವರೂ ಹೊರಗಿನ ಲೈಸೆನ್ಸ್ ಒಪ್ಪುವುದಿಲ್ಲ, 2022ರ ಕಾನೂನಿನ ಮೇಲೆ ಟೈಮ್ಸ್ ಸ್ಕ್ವೇರ್‌ನಲ್ಲಿ ಅಲ್ಲಿನ ಪರ್ಮಿಟ್ ಇದ್ದವರೂ ಒಯ್ಯುವಂತಿಲ್ಲ.

ರೆಸ್ಟ್ ಏರಿಯಾದ ಭಯ ನಿಜವಾದದ್ದು, ಅದನ್ನು ಸಣ್ಣದು ಅನ್ನುವುದಿಲ್ಲ. ಅದಕ್ಕೇ ರಾತ್ರಿ ರೆಸ್ಟ್ ಏರಿಯಾ ಬೇಡ. ಕತ್ತಲಾಗುವ ಮೊದಲೇ ರೂಮು ಹಿಡಿ, ಒಳಗಿನ ಕಾರಿಡಾರ್‌ನಿಂದ ಬಾಗಿಲು ಇರುವ ಹೋಟೆಲ್ ನೋಡಿ ಬುಕ್ ಮಾಡು. ಗ್ಯಾಸ್ ಹಗಲಿನಲ್ಲೇ ತುಂಬಿಸು. ಅಪ್ಪ ಅಮ್ಮನಿಗೂ ಅಷ್ಟು ದೂರ ಒಂದೇ ಸಮನೆ ಕೂರಲಾಗದು.

ಬಯಲುಸೀಮೆ (ಆಸ್ಟಿನ್)

ಗುರಿಗಾರ ಸರ್, ಮೂರು ಸಂದೇಹ. ಒಂದು, ಎಲ್ಲ ರಾಜ್ಯಗಳೂ ಎಲ್ಲ ಲೈಸೆನ್ಸ್ ಒಪ್ಪಬೇಕೆಂಬ ಕಾನೂನು ಬರುತ್ತಿದೆ ಅಂತ ಕೇಳಿದ್ದೆ. ಎರಡು, ಸುಪ್ರೀಂ ಕೋರ್ಟ್ 2022ರಲ್ಲಿ ನ್ಯೂಯಾರ್ಕ್ ವಿರುದ್ಧ ತೀರ್ಪು ಕೊಟ್ಟ ಮೇಲೂ ಹೀಗೇನಾ? ಮೂರು, ಇವರು ಪೆನ್ಸಿಲ್ವೇನಿಯಾದವರೆಗೆ ಒಯ್ದು ಆಲೆನ್‌ಟೌನ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಬಿಟ್ಟು ಹೋಗಬಹುದಲ್ಲ?

ಗುರಿಗಾರ (ಫೋರ್ಟ್ ವರ್ತ್)

ಆ ಮಸೂದೆ 2017ರ ಡಿಸೆಂಬರ್‌ನಲ್ಲಿ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಪಾಸಾಯಿತು, ಮೇಲ್ಮನೆ ಸೆನೆಟ್‌ನಲ್ಲಿ ಮತಕ್ಕೇ ಬರದೆ ನಿಂತುಹೋಯಿತು. ಮತ್ತೆ ಮತ್ತೆ ತರುತ್ತಿರುತ್ತಾರೆ. ಬರಲಿರುವ ಕಾನೂನನ್ನು ನಂಬಿ ಈ ಬೇಸಿಗೆಗೆ ಹೊರಡಲಾಗದು.

2022ರ ತೀರ್ಪಿನಿಂದ ಆದದ್ದಿಷ್ಟು: "ನಿಮಗೆ ಗನ್ ಬೇಕಾದ ವಿಶೇಷ ಕಾರಣ ತೋರಿಸಿ" ಎಂದು ಕೇಳುವ ಹಾಗಿಲ್ಲ. ಪರ್ಮಿಟ್ ಬೇಡ ಎಂದಾಗಲಿ, ಪಕ್ಕದ ರಾಜ್ಯದ್ದನ್ನು ಒಪ್ಪಿ ಎಂದಾಗಲಿ ಕೋರ್ಟ್ ಹೇಳಲಿಲ್ಲ. ಹೊರಗಿನವರೂ ನ್ಯೂಜೆರ್ಸಿ ಸ್ಟೇಟ್ ಪೊಲೀಸರಿಗೆ ಅರ್ಜಿ ಹಾಕಬಹುದು. ಸಂಬಂಧಿಕರಲ್ಲದ ನಾಲ್ವರ ಶಿಫಾರಸು, ಬೆರಳಚ್ಚು, ಅವರು ಒಪ್ಪುವ ತರಬೇತಿ, ಇಷ್ಟೆಲ್ಲ ಬೇಕು. ಪ್ರತಿ ವರ್ಷ ಹೋಗಿ ಬರುವವರಿಗೆ ಅದು ಸರಿಯಾದ ದಾರಿ. ಈ ರಜೆಗೆ ಆಗುವ ಕೆಲಸವಲ್ಲ.

ಆಲೆನ್‌ಟೌನ್ ಉಪಾಯ ನನಗೆ ಒಪ್ಪಿಗೆಯಿಲ್ಲ. ಒಂದು ರಾಜ್ಯದವರು ಇನ್ನೊಂದು ರಾಜ್ಯದವರ ಕೈಗೆ ಹ್ಯಾಂಡ್‌ಗನ್ ಕೊಡುವುದು ಫೆಡರಲ್ ಕಾನೂನಿನ ಪ್ರಕಾರ ಡೀಲರ್ ಮೂಲಕವೇ ಆಗಬೇಕು. ಬೀಗದ ಕೈ ನನ್ನ ಹತ್ತಿರವೇ ಇತ್ತು, ಅವರಿಗೆ ಕೊಟ್ಟ ಹಾಗಾಗಲಿಲ್ಲ ಎಂದು ವಾದ ಮಾಡಬಹುದು, ಆದರೆ ಅದನ್ನು ಕೋರ್ಟಿನಲ್ಲಿ ಮಾಡಬೇಕಾಗಿ ಬರಬಾರದು. ಹೋಟೆಲ್ ಪಾರ್ಕಿಂಗ್‌ನಲ್ಲಿ ಕಾರೊಳಗೆ ಬಿಡುವುದಂತೂ ಬೇಡವೇ ಬೇಡ. ಕಳ್ಳರ ಕೈಗೆ ಬಂದೂಕು ಸೇರುವುದು ಹೆಚ್ಚಾಗಿ ಹಾಗೆಯೇ.

ವಿಮಾನದಲ್ಲಿ ಒಯ್ಯುವ ಯೋಚನೆ ಇದ್ದವರಿಗೂ ಒಂದು ಮಾತು. ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಹೇಳಿ ಚೆಕ್-ಇನ್ ಮಾಡಿದರೆ ಟಿಎಸ್‌ಎ (ವಿಮಾನ ನಿಲ್ದಾಣದ ಭದ್ರತಾ ಸಂಸ್ಥೆ) ನಿಯಮ ಮುಗಿಯುತ್ತದೆ, ರಾಜ್ಯದ ನಿಯಮ ಮುಗಿಯುವುದಿಲ್ಲ. ಯೂಟಾದ ಒಬ್ಬರು 2005ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು, ನೆವಾರ್ಕ್‌ನಲ್ಲಿ ಕನೆಕ್ಷನ್ ತಪ್ಪಿತು. ಲಗೇಜು ಕೈಗೆ ಬಂತು, ರಾತ್ರಿ ಹೋಟೆಲಿನಲ್ಲಿ ಕಳೆದರು. ಬೆಳಗ್ಗೆ ನಿಯಮದಂತೆ ಕೌಂಟರ್‌ನಲ್ಲಿ ಗನ್ ಇದೆ ಎಂದು ಹೇಳಿದ್ದಕ್ಕೇ ಅರೆಸ್ಟ್, ಕೆಲವು ದಿನ ಜೈಲು. ಕೇಸು ಆಮೇಲೆ ಕೈಬಿಟ್ಟರು. ಅವರು ಪರಿಹಾರ ಕೇಳಿ ಹೋದಾಗ 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು: ಹೋಟೆಲಿನಲ್ಲಿ ಆ ಚೀಲ ನಿಮ್ಮ ಕೈಗೆ ಸಿಗುವಂತಿತ್ತು, ಆದ್ದರಿಂದ ಸೇಫ್ ಪ್ಯಾಸೇಜ್ ರಕ್ಷಣೆ ಇಲ್ಲ.

ಮಡಿಕೇರಿ ಮಳೆ (ಪ್ಲೇನೋ, ಟೆಕ್ಸಾಸ್)

ಎಲ್ಲರಿಗೂ ಮನಸಾರೆ ಧನ್ಯವಾದ. ತಮ್ಮನ ವೀಸಾಕ್ಕೂ ಇದಕ್ಕೂ ನಂಟಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವನಿಗೆ ಓದಿ ಹೇಳಿದೆ. ಅವನ ಪರ್ಮ್ ಅರ್ಜಿ (ಕಂಪನಿ ಮೂಲಕ ಗ್ರೀನ್ ಕಾರ್ಡ್‌ಗೆ ಮೊದಲ ಹಂತ) ಈಗ ನಡೆಯುತ್ತಿದೆ, ಮುಖ ಸಪ್ಪಗಾಯಿತು. ಗ್ಲಾಕ್ ಮನೆಯ ಸೇಫ್‌ನಲ್ಲೇ ಇರುತ್ತದೆ. ಯಜಮಾನರು ಸಿಟಿಜನ್, ಕೋಡ್ ಅವರಿಗೂ ನನಗೂ ಮಾತ್ರ ಗೊತ್ತು. ಎಡಿಸನ್ ಅಜ್ಜಿ, ನೀವು ಹೇಳಿದ ಹಾಗೆ ಮೆಂಫಿಸ್, ಗ್ಯಾಟ್ಲಿನ್‌ಬರ್ಗ್, ರೋನೋಕ್‌ನಲ್ಲಿ ರೂಮು ನೋಡುತ್ತಿದ್ದೇನೆ. ಅಪ್ಪ ಅಮ್ಮ ಎಡಿಸನ್‌ನಿಂದಲೇ ಬೆಂಗಳೂರಿಗೆ ಹಾರುತ್ತಾರೆ. ಹೊರಡುವ ಮುಂಚೆ ಇನ್ನೇನಾದರೂ ನೋಡಬೇಕೇ?

ಗುರಿಗಾರ (ಫೋರ್ಟ್ ವರ್ತ್)

ನೋಡಬೇಕಾದ್ದು ಇದೆ ಮೇಡಂ, ಕೇಳಿದ್ದು ಒಳ್ಳೆಯದಾಯಿತು. ಗನ್ ಮನೆಯಲ್ಲಿ ಬಿಟ್ಟರೂ ಗುಂಡು ಜೊತೆಗೆ ಬಂದುಬಿಡುತ್ತದೆ. ರೇಂಜ್‌ಗೆ ಒಯ್ಯುವ ಚೀಲದ ಪಕ್ಕದ ಜೇಬು, ಅದರ ಅಸ್ತರಿನ ಹರಿದ ಹೊಲಿಗೆ, ವ್ಯಾನ್‌ನ ಸೀಟು ಜಾರುವ ಹಳಿ, ಕಪ್ ಹೋಲ್ಡರ್‌ನ ತಳ, ಜಾಕೆಟ್ ಜೇಬು ಎಲ್ಲ ಟಾರ್ಚ್ ಹಿಡಿದು ನೋಡಿ. 9 ಎಂಎಂ ಗುಂಡು ಕಿರುಬೆರಳಿನ ಅರ್ಧದಷ್ಟಿರುತ್ತದೆ, ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತದೆ. ತಮ್ಮನ ವೀಸಾದವರಿಗೆ ಗುಂಡಿಗೂ ನಿಷೇಧ ಇದೆ ಎಂದು ಮೊದಲೇ ಬರೆದಿದ್ದೆ, ನ್ಯೂಜೆರ್ಸಿಯ ಹಾಲೋ ಪಾಯಿಂಟ್ ವಿಷಯವೂ ಅಷ್ಟೇ.

ಅದಕ್ಕಿಂತ ಹೆಚ್ಚಾಗಿ ನಿಮ್ಮ ತಂದೆಯವರ ಪ್ರಯಾಣ. ಸಾಮಾನು ಹೆಚ್ಚಾದಾಗ "ಈ ಚೀಲ ತಗೊಂಡು ಹೋಗಿ" ಎಂದು ಮನೆಯಲ್ಲಿದ್ದ ಯಾವುದೋ ಬ್ಯಾಗ್ ಕೊಟ್ಟುಬಿಡುವುದು ನಮ್ಮೆಲ್ಲರ ಅಭ್ಯಾಸ. ಅದು ರೇಂಜ್ ಚೀಲವಾಗಿದ್ದು ತಳದಲ್ಲಿ ಒಂದೇ ಒಂದು ಜೀವಂತ ಗುಂಡು ಉಳಿದಿದ್ದರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ಹಾಕುತ್ತಾರೆ. ಗೊತ್ತಿಲ್ಲದೆ ಉಳಿದದ್ದು ಎಂದು ಹೈಕೋರ್ಟುಗಳು ಇಂಥ ಎಷ್ಟೋ ಕೇಸು ರದ್ದು ಮಾಡಿವೆ, ಆದರೆ ಅಲ್ಲಿಯವರೆಗೆ ಹಿರಿಯರು ಠಾಣೆ, ಕೋರ್ಟು ಅಲೆಯಬೇಕು. ಅವರಿಗೆ ಅಂಗಡಿಯಿಂದ ಹೊಸ ಚೀಲವನ್ನೇ ತಂದು ಕೊಡಿ. ರೇಂಜ್ ಚೀಲವನ್ನು ಇವತ್ತೇ ಗ್ಲಾಕ್ ಜೊತೆ ಸೇಫ್‌ಗೆ ಹಾಕಿಬಿಡಿ, ಸೇಫ್‌ನಲ್ಲಿ ಜಾಗ ಸಾಲದಿದ್ದರೆ ಪ್ಯಾಕಿಂಗ್ ನಡೆಯುವ ಕೋಣೆಯಿಂದ ದೂರ, ಗರಾಜಿನಲ್ಲಿ ಬೀಗ ಹಾಕಿದ ಕಪಾಟಿನಲ್ಲಿಡಿ.